ಸ್ಟೆಂಟ್ ಬೆಲೆ ಇಳಿದಿದ್ದು ಹೃದಯಕ್ಕೆ ಮಾತ್ರ. ಅಯೋರ್ಟಾ ತೂತಾದವರ ಕತೆ ಏನು?

ದೊಡ್ಡ ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರ್ ಮುಂದೆ ನಡೆಯುವ ಮಾತುಕತೆ ಇದು.

"ಅರ್ಜೆಂಟಾಗಿ ಸ್ಟೆಂಟ್ ಹಾಕ್ಬೇಕು. ಸ್ಟೆಂಟ್‌ಗೇ ಲಕ್ಷಗಟ್ಟಲೆ ಆಗುತ್ತೆ."

"ಸರ್ಕಾರ ಸ್ಟೆಂಟ್ ರೇಟ್ ಇಳಿಸಿದೆಯಲ್ಲಾ ಸರ್?"

"ಅದು ಹಾರ್ಟ್ ಸ್ಟೆಂಟ್. ಇದು ಬೇರೆ."

ಇಬ್ಬರೂ ಹೇಳ್ತಿರೋದು ನಿಜ. 2017ರ ಫೆಬ್ರವರಿ 14ರಿಂದ ಜಾರಿಗೆ ಬಂದ ಆದೇಶದಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಅಂದರೆ ಎನ್‌ಪಿಪಿಎ, ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಬರೀ ಲೋಹದ ಸ್ಟೆಂಟ್‌ಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ. ಅದಕ್ಕೂ ಮೊದಲು ಇದೇ ಸ್ಟೆಂಟ್‌ಗೆ ಲಕ್ಷ ದಾಟಿದ ಬಿಲ್‌ಗಳು ಮಾಮೂಲಿಯಾಗಿದ್ದವು. ಈ ಆದೇಶವನ್ನು ದೇಶಕ್ಕೆ ಪ್ರಕಟಿಸಿದ್ದು ನಮ್ಮ ಬೆಂಗಳೂರು ದಕ್ಷಿಣದ ಸಂಸದರಾಗಿದ್ದ, ಆಗಿನ ಕೇಂದ್ರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವ ಅನಂತ್ ಕುಮಾರ್. ಆ ಆದೇಶದ ಫಲ ಪಡೆದವರು ಬಹುಶಃ ನಿಮ್ಮ ಬೀದಿಯಲ್ಲೇ ಇದ್ದಾರೆ.

ಆದರೆ ಆ ಆದೇಶದಲ್ಲಿ ಸ್ಟೆಂಟ್ ಅಂದರೆ 'ಕೊರೊನರಿ ಸ್ಟೆಂಟ್' ಮಾತ್ರ. ಹೃದಯದಿಂದ ಹೊರಟು ಇಡೀ ಮೈಗೆ ರಕ್ತ ಹೊತ್ತೊಯ್ಯುವ ಮಹಾಪಧಮನಿಗೆ, ಅಂದರೆ ಅಯೋರ್ಟಾಗೆ ಹಾಕುವ ಸ್ಟೆಂಟ್ ಗ್ರಾಫ್ಟ್ ಅದರಲ್ಲಿ ಇರಲಿಲ್ಲ. ಈಗಲೂ ಅದಕ್ಕೆ ಗರಿಷ್ಠ ಬೆಲೆ ಅಂತ ಒಂದು ನಿಗದಿಯಾಗಿಲ್ಲ.

ಎದೆಯೊಳಗಿನ ಅಯೋರ್ಟಾ ಪಕ್ಕದ ಶ್ವಾಸನಾಳಕ್ಕೋ ಅನ್ನನಾಳಕ್ಕೋ ತೂತು ಬಿದ್ದು ಜೋಡಿಕೊಂಡುಬಿಡುವ ಒಂದು ಕಾಯಿಲೆ ಇದೆ. ತೀರಾ ಅಪರೂಪ. ಚಿಕಿತ್ಸೆ ಸಿಗದಿದ್ದರೆ ಸಾವು ಹೆಚ್ಚುಕಡಿಮೆ ಖಚಿತ. ಎದೆ ಸೀಳದೆ, ತೊಡೆಸಂದಿನಿಂದ ಸ್ಟೆಂಟ್ ತೂರಿಸಿ ಆ ತೂತನ್ನು ಮುಚ್ಚುವ ತಂತ್ರ ಜಗತ್ತಿನಲ್ಲಿದೆ, ಭಾರತದಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ನನ್ನ ತಕರಾರು ಆ ತಂತ್ರದ ಬಗ್ಗೆ ಅಲ್ಲ. ನಮ್ಮ ಆರೋಗ್ಯ ಯೋಜನೆಗಳು ಸ್ಟೆಂಟ್ ಹಾಕುವ ಆ ಒಂದು ಗಂಟೆಯನ್ನು ಮಾತ್ರ 'ಚಿಕಿತ್ಸೆ' ಅಂತ ಲೆಕ್ಕ ಹಾಕುತ್ತವೆ. ಈ ರೋಗಿಗಳು ಸಾಯುವುದು ಆ ಗಂಟೆಗೆ ಮೊದಲು, ಇಲ್ಲವೇ ಅದಾದ ತಿಂಗಳುಗಳಲ್ಲಿ.

ತೂತು ಎಲ್ಲಿ ಬೀಳುತ್ತೆ?

ಮೊದಲು ಒಂದು ಮಾತು. ಇದನ್ನು ವೈದ್ಯರು ಫಿಸ್ಟುಲಾ ಅಂತಾರೆ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಪೈಲ್ಸ್ ಜೊತೆಗೆ ಬರೆದಿರುತ್ತಲ್ಲ, ಆ ಫಿಸ್ಟುಲಾ ಅಲ್ಲ. ಸೇರಬಾರದ ಎರಡು ಕೊಳವೆಗಳ ನಡುವೆ ದಾರಿ ಆಗಿಬಿಡೋದಕ್ಕೆ ವೈದ್ಯಶಾಸ್ತ್ರದಲ್ಲಿ ಎಲ್ಲೇ ಆದರೂ ಇದೇ ಹೆಸರು.

ಅಯೋರ್ಟಾ ಹೃದಯದಿಂದ ಮೇಲಕ್ಕೆ ಹೊರಟು, ಕೊಡೆಯ ಹಿಡಿಯ ಹಾಗೆ ಬಾಗಿ, ಬೆನ್ನೆಲುಬಿನ ಎಡಭಾಗದಲ್ಲಿ ಕೆಳಗಿಳಿಯುತ್ತೆ. ಎದೆಯೊಳಗೆ ಅದರ ಅಗಲ ಸುಮಾರು ಎರಡೂವರೆ ಸೆಂಟಿಮೀಟರ್. ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ಈ ಕೊಳವೆಗೆ ತಳ್ಳುತ್ತೆ. ನಮ್ಮ ಮೈಯಲ್ಲಿರೋ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಇಳಿಯುವ ದಾರಿಯಲ್ಲಿ ಈ ಕೊಳವೆಗೆ ಎಡ ಶ್ವಾಸನಾಳ ಮತ್ತು ಅನ್ನನಾಳ ಅಂಟಿಕೊಂಡ ಹಾಗೇ ಇರುತ್ತವೆ. ನಡುವೆ ದೊಡ್ಡ ಜಾಗವೇನಿಲ್ಲ.

ಬಿಪಿ ಹಿಡಿತದಲ್ಲಿಲ್ಲದ, ವರ್ಷಗಟ್ಟಲೆ ಬೀಡಿ ಸೇದಿದ ಮನುಷ್ಯನ ಅಯೋರ್ಟಾ ಒಂದು ಕಡೆ ಉಬ್ಬಿಕೊಳ್ಳಬಹುದು. ಅಪಘಾತದಲ್ಲಿ ಎದೆಗೆ ಪೆಟ್ಟು ಬಿದ್ದು, ಒಳಪದರ ಹರಿದು ಉಬ್ಬಬಹುದು. ಚಿಕ್ಕಂದಿನಲ್ಲಿ ಅಯೋರ್ಟಾ ಆಪರೇಷನ್ ಆದವರಿಗೆ ದಶಕಗಳ ನಂತರ ಹೊಲಿಗೆಯ ಜಾಗದಲ್ಲಿ ಉಬ್ಬಬಹುದು. ಕ್ಷಯದಂಥ ಸೋಂಕು ಪಕ್ಕದ ದುಗ್ಧಗ್ರಂಥಿಯಿಂದ ಹರಡಿ ಗೋಡೆಯನ್ನೇ ತಿನ್ನಬಹುದು. ಎಂಜಿನಿಯರಿಂಗ್‌ನಲ್ಲಿ ಬಾಯ್ಲರ್ ಲೆಕ್ಕ ಮಾಡುವಾಗ ಕಲಿತ ಸೂತ್ರವೇ ಇಲ್ಲೂ ಕೆಲಸ ಮಾಡುತ್ತೆ: ಒತ್ತಡ ಅಷ್ಟೇ ಇದ್ದರೂ ಕೊಳವೆ ಅಗಲ ಆದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತೆ. ಅಂದ್ರೆ ಉಬ್ಬಿದ ಜಾಗ ಇನ್ನಷ್ಟು ಉಬ್ಬುತ್ತೆ. ಪಕ್ಕದ ಶ್ವಾಸನಾಳವನ್ನು ಒತ್ತುತ್ತಾ, ಸವೆಸುತ್ತಾ, ಒಂದು ದಿನ ದಾರಿ ಮಾಡಿಕೊಳ್ಳುತ್ತೆ. ಆಗ ಕೆಮ್ಮಿದರೆ ರಕ್ತ.

ಅನ್ನನಾಳದ ಕಡೆ ತೂತು ಬಿದ್ದರೆ ರಕ್ತವಾಂತಿ. ಅದಕ್ಕೆ ಇನ್ನೂ ಕೆಲವು ಕಾರಣಗಳಿವೆ: ಅನ್ನನಾಳದ ಕ್ಯಾನ್ಸರ್, ನುಂಗಿದ ಮೂಳೆ, ಮೀನಿನ ಮುಳ್ಳು, ಮಕ್ಕಳು ನುಂಗುವ ಬಟನ್ ಸೆಲ್. ಮುಳ್ಳು ಸಿಕ್ಕಿಕೊಂಡಾಗ "ಅನ್ನದ ಉಂಡೆ ನುಂಗು, ಹೋಗುತ್ತೆ" ಅನ್ನೋ ಮನೆಮದ್ದು ನಮ್ಮಲ್ಲಿದೆ. ಆ ಉಂಡೆ ಮುಳ್ಳನ್ನು ಗೋಡೆಯೊಳಕ್ಕೆ ಇನ್ನಷ್ಟು ತಳ್ಳಬಹುದು. ಹಾಗೆ ಮಾಡಬೇಡಿ, ಆಸ್ಪತ್ರೆಗೆ ಹೋಗಿ.

ಖಾರ್ಕಿವ್‌ನಲ್ಲಿ ಶುರುವಾದದ್ದು

ಹಳೆಯ ಚಿಕಿತ್ಸೆ ಅಂದರೆ ಎಡಪಕ್ಕೆಯನ್ನು ಸೀಳುವುದು, ಶ್ವಾಸಕೋಶವನ್ನು ಪಕ್ಕಕ್ಕೆ ಸರಿಸುವುದು, ಅಯೋರ್ಟಾಗೆ ಕ್ಲಾಂಪ್ ಹಾಕಿ ಹರಿವು ನಿಲ್ಲಿಸುವುದು, ಹಾಳಾದ ಭಾಗ ಕತ್ತರಿಸಿ ಬಟ್ಟೆಯ ಕೊಳವೆ ಹೊಲಿಯುವುದು. ಅದಾಗಲೇ ರಕ್ತ ಕಾರಿ ಸುಸ್ತಾಗಿರುವ ಮನುಷ್ಯನಿಗೆ ಇದನ್ನು ಮಾಡಬೇಕು. ಎಷ್ಟೋ ಜನ ಟೇಬಲ್ ಮೇಲೇ ಹೋಗ್ತಾರೆ.

ಹೊಸ ದಾರಿಯನ್ನು ಬೋರ್‌ವೆಲ್ ಕೊರೆಸಿದವರಿಗೆ ವಿವರಿಸೋದು ಸುಲಭ. ಮಣ್ಣು ಕುಸಿಯುವ ಕಡೆ ಕೇಸಿಂಗ್ ಪೈಪ್ ಇಳಿಸ್ತೀವಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ಈ ಕೇಸಿಂಗ್ ಮಡಚಿದ ಛತ್ರಿಯಂತೆ ಒಂದು ಸಪೂರ ಕೊಳವೆಯೊಳಗೆ ಕೂತಿರುತ್ತೆ. ನಿಟಿನಾಲ್‌ನಂಥ ಲೋಹದ ಬಲೆ, ಅದಕ್ಕೆ ಹೊಲಿದ ಪಾಲಿಯೆಸ್ಟರ್ ಅಥವಾ ಪಿಟಿಎಫ್ಇ ಬಟ್ಟೆ. ತೊಡೆಸಂದಿನ ರಕ್ತನಾಳದಿಂದ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಎದೆಯವರೆಗೆ ಏರಿಸಿ, ಸರಿಯಾದ ಜಾಗದಲ್ಲಿ ಹೊದಿಕೆ ಎಳೆದರೆ ಅದು ತಾನೇ ಅರಳಿ ಗೋಡೆಗೆ ಒತ್ತಿ ಕೂರುತ್ತೆ. ರಕ್ತ ಅದರೊಳಗೆ ಹರಿಯುತ್ತೆ, ತೂತಿನ ಕಡೆ ಹೋಗಲ್ಲ. ತೂತಿನ ಮೇಲೆ ಮತ್ತು ಕೆಳಗೆ ತಲಾ ಎರಡು ಸೆಂಟಿಮೀಟರ್‌ನಷ್ಟಾದರೂ ಗಟ್ಟಿ ಗೋಡೆ ಸಿಗಬೇಕು, ಇಲ್ಲದಿದ್ದರೆ ಪಕ್ಕದಿಂದ ಸೋರುತ್ತೆ. ಎಲ್ಲ ಸರಿಯಿದ್ದರೆ ಒಂದೆರಡು ಗಂಟೆಯ ಕೆಲಸ.

ಇದರಲ್ಲೂ ಅಪಾಯ ಇದೆ. ಬೆನ್ನುಹುರಿಗೆ ಹೋಗುವ ಸಣ್ಣ ರಕ್ತನಾಳಗಳು ಅಯೋರ್ಟಾದಿಂದಲೇ ಕವಲೊಡೆಯುತ್ತವೆ. ಕೇಸಿಂಗ್ ಅವುಗಳ ಬಾಯನ್ನೂ ಮುಚ್ಚಿದರೆ ಕೆಲವರ ಕಾಲುಗಳು ಸ್ವಾಧೀನ ಕಳೆದುಕೊಳ್ಳುತ್ತವೆ. ಪ್ರಾಣ ಉಳಿದರೂ ಸೊಂಟದ ಕೆಳಗೆ ಶಕ್ತಿ ಇಲ್ಲ ಅನ್ನೋ ಪರಿಸ್ಥಿತಿ ಬರಬಹುದು ಅಂತ ಮನೆಯವರಿಗೆ ಮೊದಲೇ ಹೇಳಬೇಕಾಗುತ್ತೆ.

ಈ ತಂತ್ರದ ಇತಿಹಾಸದಲ್ಲಿ ಒಂದು ರಾಜಕೀಯ ಪಾಠವಿದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಇಂಗ್ಲಿಷಿನ ಪುಸ್ತಕಗಳು ಬಹುಕಾಲ ಇದರ ಕೀರ್ತಿಯನ್ನು 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೊಟ್ಟೆಯ ಅಯೋರ್ಟಾಗೆ ಸ್ಟೆಂಟ್ ಗ್ರಾಫ್ಟ್ ಹಾಕಿದ ಹುವಾನ್ ಪರೋಡಿಗೆ, ಆಮೇಲೆ 1994ರಲ್ಲಿ ಎದೆಯ ಅಯೋರ್ಟಾದ 13 ರೋಗಿಗಳ ವರದಿ ಪ್ರಕಟಿಸಿದ ಸ್ಟ್ಯಾನ್‌ಫರ್ಡ್‌ನ ಮೈಕಲ್ ಡೇಕ್ ತಂಡಕ್ಕೆ ಕೊಟ್ಟವು. ಆದರೆ 1987ರಲ್ಲೇ, ಆಗಿನ ಸೋವಿಯತ್ ಒಕ್ಕೂಟದ ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊಡೊಸ್ ಎಂಬ ಸರ್ಜನ್ ಎದೆಯ ಅಯೋರ್ಟಾದೊಳಗೆ ತಾವೇ ರೂಪಿಸಿದ ಸ್ಟೆಂಟ್ ಗ್ರಾಫ್ಟ್ ಕೂರಿಸಿಯಾಗಿತ್ತು. ಬರೆದದ್ದು ರಷ್ಯನ್ ಭಾಷೆಯಲ್ಲಿ. ಪಶ್ಚಿಮದವರು ಓದಲಿಲ್ಲ. ಇಂಗ್ಲಿಷಿನಲ್ಲಿ ಬರದಿದ್ದರೆ ಆಗಿಯೇ ಇಲ್ಲ ಅನ್ನೋ ನಿಯಮ ನಮಗೂ ಹೊಸದೇನಲ್ಲ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದದ್ದು ಇದೇ ಖಾರ್ಕಿವ್‌ನಲ್ಲಿ. ನಮ್ಮ ಮಕ್ಕಳು ಡಾಕ್ಟರ್ ಆಗೋಕೆ ಅಷ್ಟು ದೂರ ಯಾಕೆ ಹೋಗ್ತಾರೆ ಅನ್ನೋ ಚರ್ಚೆ ಒಂದು ವಾರ ನಡೆದು ನಿಂತುಹೋಯಿತು.

ರಕ್ತ ನಿಂತರೆ ವಾಸಿ ಅಂದುಕೊಳ್ಳುವುದು

ಈಗ ನಿಜವಾದ ತೊಡಕಿಗೆ ಬರೋಣ. ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಿ. ತುಂಗಭದ್ರಾ ಅಚ್ಚುಕಟ್ಟಿನ ಯಾವುದೋ ಊರು. ಅಕ್ಕಿ ಗಿರಣಿಯಲ್ಲಿ ಹಮಾಲಿ, ಐವತ್ತೈದು ದಾಟಿದೆ. ಬೀಡಿ ಇದೆ. ಬಿಪಿ ಇದೆ, ಆದರೆ ಯಾರೂ ನೋಡಿಲ್ಲ. ಒಂದು ಬೆಳಗ್ಗೆ ಕೆಮ್ಮಿದಾಗ ಅಂಗೈ ತುಂಬ ರಕ್ತ.

ಅವನ ಮನೆಯವರು, ನೆರೆಯವರು, ಆಶಾ ಕಾರ್ಯಕರ್ತೆ, ಪಿಎಚ್‌ಸಿ ವೈದ್ಯರು ಎಲ್ಲರ ತಲೆಯಲ್ಲೂ ಬರೋದು ಒಂದೇ ಪದ: ಟಿಬಿ. ತಪ್ಪೇನಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಕಫದಲ್ಲಿ ರಕ್ತ ಅಂದರೆ ಮೊದಲು ಟಿಬಿ ಅಂತಲೇ ಯೋಚಿಸಬೇಕು. ಎಕ್ಸ್‌ರೇ ತೆಗೀತಾರೆ. ಎದೆಯ ಎಡಭಾಗದಲ್ಲಿ ಒಂದು ನೆರಳು. ಟಿಬಿ ಹುಡುಕುವ ಕಣ್ಣಿಗೆ ಅದು ಟಿಬಿಯ ನೆರಳಾಗಿಯೇ ಕಾಣುತ್ತೆ. ಕಫದ ಪರೀಕ್ಷೆಯಲ್ಲಿ ಏನೂ ಬರದಿದ್ದರೂ ಲಕ್ಷಣ ನೋಡಿ ಚಿಕಿತ್ಸೆ ಶುರು ಮಾಡುವ ಅವಕಾಶ ಕಾರ್ಯಕ್ರಮದಲ್ಲೇ ಇದೆ. ಮಾತ್ರೆ ಶುರುವಾಗುತ್ತೆ.

ಮತ್ತು ರಕ್ತ ನಿಂತುಬಿಡುತ್ತೆ!

ಈ ಕಾಯಿಲೆಯ ಕ್ರೌರ್ಯ ಇರೋದೇ ಇಲ್ಲಿ. ಮೊದಲ ರಕ್ತಸ್ರಾವ ಸಾಮಾನ್ಯವಾಗಿ ತಾನಾಗೇ ನಿಲ್ಲುತ್ತೆ. ಒತ್ತಡ ಇಳಿದಾಗ ತೂತಿನ ಬಾಯಿಗೆ ಹೆಪ್ಪುಗಟ್ಟಿದ ರಕ್ತ ಬಿರಡೆಯಂತೆ ಕೂತುಕೊಳ್ಳುತ್ತೆ. ಕೆಲವರಿಗೆ ಅದು ಗಂಟೆಗಳ ಬಿಡುವು, ಕೆಲವರಿಗೆ ದಿನಗಳು, ಶ್ವಾಸನಾಳದ ಕಡೆ ತೂತಾದ ಕೆಲವರಿಗೆ ವಾರಗಳು. ಅನ್ನನಾಳದ ವಿಷಯದಲ್ಲಿ ಇದನ್ನು 1914ರಲ್ಲೇ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ ಗುರುತಿಸಿದ್ದರು: ಎದೆನೋವು, ಒಂದು ಎಚ್ಚರಿಕೆಯ ರಕ್ತಸ್ರಾವ, ಏನೂ ಇಲ್ಲದ ಬಿಡುವು, ಆಮೇಲೆ ಕೊನೆಯ ರಕ್ತಸ್ರಾವ. ನಮ್ಮ ಹಮಾಲಿಯ ವಿಷಯದಲ್ಲಿ ಆ ಬಿಡುವು ಮಾತ್ರೆ ಶುರುವಾದ ವಾರವೇ ಬಂದಿದೆ. ಮನೆಯವರಿಗೆ ಸಮಾಧಾನ, ಡಾಕ್ಟರ್‌ಗೂ ಸಮಾಧಾನ. "ಗುಳಿಗೆ ಹತ್ತಿತು" ಅಂತಾರೆ. ಅವನು ಮತ್ತೆ ಚೀಲ ಹೊರೋಕೆ ಹೋಗ್ತಾನೆ.

ಇನ್ನೂ ಸಿಕ್ಕು ಏನಂದ್ರೆ, ಟಿಬಿ ಅನ್ನೋದು ಸುಳ್ಳೇ ಆಗಿರಬೇಕು ಅಂತಿಲ್ಲ. ಅಯೋರ್ಟಾ ಗೋಡೆಯನ್ನು ತಿಂದದ್ದೇ ಟಿಬಿ ಆಗಿರಬಹುದು. ಆಗ ಮಾತ್ರೆಯೂ ಬೇಕು, ಸ್ಟೆಂಟೂ ಬೇಕು. ರೋಗನಿರ್ಣಯ ಅರ್ಧ ಸರಿಯಾಗಿರೋದೇ ಇಲ್ಲಿ ಪೂರ್ತಿ ತಪ್ಪಾಗೋದಕ್ಕಿಂತ ಅಪಾಯಕಾರಿ, ಯಾಕಂದ್ರೆ ಯಾರೂ ಮತ್ತೆ ಪ್ರಶ್ನೆ ಕೇಳಲ್ಲ.

ಸುಳಿವುಗಳು ಇರುತ್ತವೆ. ದನಿ ಗೊಗ್ಗರಾಗಿರಬಹುದು, ಯಾಕಂದ್ರೆ ಗಂಟಲಿಗೆ ಹೋಗುವ ಒಂದು ನರ ಅಯೋರ್ಟಾದ ಬಾಗಿಗೆ ಸುತ್ತು ಹಾಕಿಯೇ ಮೇಲೇರುತ್ತೆ. ಬೆನ್ನಿನಲ್ಲಿ ನೋವು ಇರಬಹುದು. ಹಿಂದೆಂದೋ ಅಯೋರ್ಟಾ ಆಪರೇಷನ್ ಆಗಿರಬಹುದು. ಇವು ಕಂಡರೆ ಮಾಡಬೇಕಾದ್ದು ಒಂದೇ: ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು ತೆಗೆಯುವ ಸಿಟಿ ಆಂಜಿಯೋಗ್ರಾಮ್. ಅದರಲ್ಲೂ ತೂತು ನೇರವಾಗಿ ಕಾಣದಿರಬಹುದು, ಶ್ವಾಸನಾಳಕ್ಕೆ ಅಂಟಿದ ಊತ ಮಾತ್ರ ಕಾಣುತ್ತೆ. ಕೊಳವೆ ಬಿಟ್ಟು ಶ್ವಾಸನಾಳವನ್ನು ನೇರ ನೋಡ್ತೀವಿ ಅಂತ ಹೊರಟರೆ ಬಿರಡೆಯೇ ಕಿತ್ತುಬರುವ ಭಯ. ಹಾಗಾಗಿ ಅನುಮಾನ ಪಡಬಲ್ಲ ಒಂದು ತಲೆ, ಆ ಸ್ಕ್ಯಾನ್ ಓದಬಲ್ಲ ಒಂದು ಜೊತೆ ಕಣ್ಣು ಬೇಕು. ಮೆಷಿನ್ ಒಂದೇ ಸಾಲದು.

2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನೂರು ದಿನಗಳ ಟಿಬಿ ಅಭಿಯಾನದಲ್ಲಿ ಕೈಯಲ್ಲೇ ಹಿಡಿದೊಯ್ಯುವ ಎಕ್ಸ್‌ರೇ, ಚಿತ್ರ ಓದುವ ಎಐ ತಂತ್ರಾಂಶ ಹಳ್ಳಿಗಳಿಗೆ ಹೋದವು. ಒಳ್ಳೆಯದೇ. ಆದರೆ ಕೋಡ್ ಬರೆದು ಗೊತ್ತಿರುವ ಯಾರಿಗಾದರೂ ಇದು ಗೊತ್ತು: ನೀವು ಯಾವ ಪ್ರಶ್ನೆ ಕೇಳಿ ಕಲಿಸ್ತೀರೋ ಆ ಪ್ರಶ್ನೆಗೇ ಮೆಷಿನ್ ಉತ್ತರ ಕೊಡುತ್ತೆ. 'ಇದು ಟಿಬಿಯಾ?' ಅನ್ನೋದರ ಜೊತೆಗೆ 'ಇದು ಟಿಬಿ ಅಲ್ಲದಿದ್ದರೆ ಏನು?' ಅಂತಲೂ ಕೇಳುವ ವ್ಯವಸ್ಥೆ ಆಮೇಲಿನ ಹಂತದಲ್ಲಿ ಬೇಕೇ ಬೇಕು.

ಮುಚ್ಚಿದ ಮೇಲೂ ಮುಗಿಯಲ್ಲ

ಸ್ಟೆಂಟ್ ಹಾಕಿದರು, ರಕ್ತ ನಿಂತಿತು, ಬದುಕಿದ ಅಂತ ಪತ್ರಿಕೆಗಳಲ್ಲಿ ಬರುವ 'ಅಪರೂಪದ ಶಸ್ತ್ರಚಿಕಿತ್ಸೆ ಯಶಸ್ವಿ' ಸುದ್ದಿಗಳನ್ನು ನಾನೂ ಓದ್ತೀನಿ. ಅಲ್ಲಿಗೆ ಕತೆ ಮುಗಿಯೋದಿಲ್ಲ ಅನ್ನೋದನ್ನು ಅವು ಹೇಳಲ್ಲ.

ಕೇಸಿಂಗ್ ಹೋಲಿಕೆಗೇ ವಾಪಸ್ ಬನ್ನಿ. ಕೇಸಿಂಗ್ ಇಳಿಸಿದಿರಿ, ಸರಿ. ಹೊರಗಿನ ಕೆಸರು ಹಾಗೇ ಇದೆ. ಅಯೋರ್ಟಾದ ಕಡೆಯ ತೂತು ಮುಚ್ಚಿತು, ಶ್ವಾಸನಾಳದ ಅಥವಾ ಅನ್ನನಾಳದ ಕಡೆಯ ತೂತು ಮುಚ್ಚಿಲ್ಲ. ಅಲ್ಲಿಂದ ಬ್ಯಾಕ್ಟೀರಿಯಾ ನೇರವಾಗಿ ಹೊಸ ಬಟ್ಟೆಗೆ ತಾಗುತ್ತೆ. ಸೋಂಕಿರುವ ಜಾಗದಲ್ಲಿ ಹೊರಗಿನ ವಸ್ತು ಇಡಬಾರದು ಅನ್ನೋದು ಸರ್ಜರಿಯ ಹಳೆಯ ನಿಯಮ. ಇಲ್ಲಿ ಪ್ರಾಣ ಉಳಿಸೋಕೆ ಆ ನಿಯಮವನ್ನೇ ಮುರೀತಾರೆ. ಶ್ವಾಸನಾಳದ ಕಡೆಯ ತೂತುಗಳಲ್ಲಿ ಫಲಿತಾಂಶ ಪರವಾಗಿಲ್ಲ; ಎಷ್ಟೋ ಜನ ಸ್ಟೆಂಟ್ ಮತ್ತು ದೀರ್ಘಕಾಲದ ಆಂಟಿಬಯೋಟಿಕ್ ಮೇಲೆಯೇ ಬದುಕಿದ್ದಾರೆ. ಅನ್ನನಾಳದ ಕಡೆಯದ್ದು ಹಾಗಲ್ಲ. ಅಲ್ಲಿ ಸ್ಟೆಂಟ್ ಒಂದು ಸೇತುವೆ ಅಷ್ಟೇ. ಉಸಿರು ಉಳಿದ ಮೇಲೆ ಅನ್ನನಾಳವನ್ನು ಸರಿಪಡಿಸುವ, ಕೆಲವೊಮ್ಮೆ ತೆಗೆದೇ ಹಾಕುವ ದೊಡ್ಡ ಆಪರೇಷನ್ ಬೇಕು. ಸ್ಟೆಂಟ್ ಒಂದನ್ನೇ ನಂಬಿ ಮನೆಗೆ ಕಳಿಸಿದರೆ ಸೋಂಕು, ಮತ್ತೆ ರಕ್ತ.

ಬೆಲೆ ಕಟ್ಟಿದರೆ ಸಾಕಾ?

ನಾನೂ ಮೊದಲು ಹಾಗೇ ಯೋಚಿಸಿದ್ದೆ: ಕೊರೊನರಿಗೆ ಮಾಡಿದ್ದನ್ನೇ ಅಯೋರ್ಟಾಗೂ ಮಾಡಿಬಿಡಲಿ. ಆದರೆ ಕೊರೊನರಿ ಕತೆಯನ್ನು ಸರಿಯಾಗಿ ನೋಡಿದರೆ ವ್ಯತ್ಯಾಸ ಕಾಣುತ್ತೆ.

ಅಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಪಿಐಎಲ್ ಬಿತ್ತು. 2016ರಲ್ಲಿ ಕೊರೊನರಿ ಸ್ಟೆಂಟ್ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಎನ್‌ಪಿಪಿಎ ಲೆಕ್ಕ ತೆಗೆದಾಗ ಆಸ್ಪತ್ರೆ ಹಂತದಲ್ಲಿ ಶೇ 654ರವರೆಗೆ ಲಾಭಾಂಶ ಇಟ್ಟದ್ದು ಬಯಲಾಯಿತು. ಆಮೇಲೆ ಬೆಲೆ ಇಳಿಯಿತು. ಕೆಲವು ಬಹುರಾಷ್ಟ್ರೀಯ ಕಂಪನಿಗಳು ತಮ್ಮ ದುಬಾರಿ ಮಾಡೆಲ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಲು ಅನುಮತಿ ಕೇಳಿದವು. ಆಸ್ಪತ್ರೆಗಳು ಸ್ಟೆಂಟ್‌ನಲ್ಲಿ ಹೋದದ್ದನ್ನು ಬೇರೆ ಚಾರ್ಜ್‌ಗಳಲ್ಲಿ ಹಿಡಿದವು ಎಂಬ ದೂರುಗಳೂ ಬಂದವು. ಆದರೂ ರೋಗಿಗಳಿಗೆ ಲಾಭವಾಯಿತು, ಯಾಕಂದ್ರೆ ಲಕ್ಷಾಂತರ ಸ್ಟೆಂಟ್‌ಗಳ ಮಾರುಕಟ್ಟೆ ಅದು, ಸ್ವದೇಶಿ ತಯಾರಕರೂ ಇದ್ದರು. ಒಬ್ಬ ಹೋದರೆ ಇನ್ನೊಬ್ಬ.

ಅಯೋರ್ಟಾ ಸ್ಟೆಂಟ್ ಗ್ರಾಫ್ಟ್ ಬಹುಪಾಲು ಆಮದು. ಮಾಡುವವರು ಬೆರಳೆಣಿಕೆ. ಜೊತೆಗೆ ಇದು ಚಪ್ಪಲಿ ಅಂಗಡಿಯ ಸಮಸ್ಯೆ. ಒಬ್ಬೊಬ್ಬರ ಅಯೋರ್ಟಾ ಒಂದೊಂದು ಅಳತೆ. ಹತ್ತಾರು ವ್ಯಾಸ, ಹಲವು ಉದ್ದ. ಎಲ್ಲ ಸೈಜೂ ಇಟ್ಟುಕೊಳ್ಳೋಕೆ ಯಾವ ಆಸ್ಪತ್ರೆಗೂ ಆಗಲ್ಲ, ಪ್ರತಿಯೊಂದಕ್ಕೂ ಅವಧಿ ಮುಗಿಯುವ ದಿನಾಂಕ ಇದೆ. ಸಾಮಾನ್ಯವಾಗಿ ಸ್ಕ್ಯಾನ್ ಅಳತೆ ನೋಡಿ ಕಂಪನಿಯವರ ಹತ್ತಿರ ತರಿಸ್ತಾರೆ. ಉಬ್ಬಿದ ಅಯೋರ್ಟಾಗೆ ಮುಂಚಿತವಾಗಿ ಹಾಕುವಾಗ ಇದು ನಡೆಯುತ್ತೆ. ತೂತು ಬಿದ್ದು ರಕ್ತ ಕಾರುವವನಿಗೆ ಗಂಟೆಗಳೇ ಬೆಲೆ. ಹೀಗಿರುವಾಗ ಕಣ್ಣುಮುಚ್ಚಿ ಕಡಿಮೆ ಬೆಲೆ ಕಟ್ಟಿ, ಇರೋ ನಾಲ್ಕಾರು ಕಂಪನಿಗಳಲ್ಲಿ ಇಬ್ಬರು ಹೊರಟರೆ, ಸೈಜ್ ಸಿಗದೆ ಸಾಯೋದು ಮತ್ತದೇ ಹಮಾಲಿ.

ಹಾಗಂತ ಏನೂ ಮಾಡಬೇಡಿ ಅಂತಲ್ಲ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಲೆಕ್ಕದಲ್ಲಿ 'ಔಷಧ'. ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಆದರೆ ಮೊದಲ ದಿನ ಬರೆಯುವ ಎಂಆರ್‌ಪಿ ಎಷ್ಟಿರಬೇಕು ಅಂತ ಕೇಳುವವರಿಲ್ಲ. ಮಹಡಿಯ ಮೇಲೆ ನಿಂತವನಿಗೆ ಏಣಿ ಹತ್ತಬೇಡ ಅಂದ ಹಾಗೆ. ಇದಕ್ಕೆ ಮಧ್ಯದ ದಾರಿ ಸರ್ಕಾರದ ಕೈಯಲ್ಲೇ ಇದೆ. 2019ರಲ್ಲಿ 42 ಕ್ಯಾನ್ಸರ್ ಔಷಧಗಳ ವ್ಯಾಪಾರಿ ಲಾಭಾಂಶವನ್ನು ಶೇ 30ಕ್ಕೆ ಕಟ್ಟಿದರು. 2021ರ ಕೋವಿಡ್ ಅಲೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್‌ಗೆ ಶೇ 70ಕ್ಕೆ ಕಟ್ಟಿದರು. ತಯಾರಕನ ಬೆಲೆ ಮುಟ್ಟದೆ, ನಡುವೆ ಕೂತವರ ಲಾಭಕ್ಕೆ ಮಿತಿ. ಅಯೋರ್ಟಾ ಗ್ರಾಫ್ಟ್‌ಗೆ ಹೊಂದುವುದು ಈ ದಾರಿ. ಜೊತೆಗೆ ರಾಜ್ಯ ಒಟ್ಟಾಗಿ ಖರೀದಿ ಮಾಡಬೇಕು. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರಲ್ಲಿದೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲೂ 371 ಹಾಸಿಗೆಯ ಕಟ್ಟಡ ಉದ್ಘಾಟನೆಯಾಯಿತು. ಮೂರೂ ಕಡೆಗೆ ಸೇರಿ ಒಂದೇ ದಾಸ್ತಾನು, ಯಾವ ಸೈಜ್ ಎಲ್ಲಿದೆ ಅಂತ ತೋರಿಸುವ ಒಂದೇ ಪಟ್ಟಿ. ತರಕಾರಿ ಹತ್ತು ನಿಮಿಷದಲ್ಲಿ ತಲುಪಿಸುವ ಬೆಂಗಳೂರಿಗೆ ಇದೇನು ಕಷ್ಟದ ಸಾಫ್ಟ್‌ವೇರ್ ಅಲ್ಲ.

ಉತ್ತರ ಕರ್ನಾಟಕ ಒಮ್ಮೆ ತೋರಿಸಿದ್ದು

ಬಡವರಿಗೆ ಇಂಥ ಹೈಟೆಕ್ ಚಿಕಿತ್ಸೆ ಯಾಕೆ, ಆ ದುಡ್ಡಲ್ಲಿ ಪಿಎಚ್‌ಸಿ ಕಟ್ಟಬಹುದಲ್ಲಾ ಅನ್ನುವ ವಾದ ಎಡದಿಂದಲೂ ಬರುತ್ತೆ, ಬಲದಿಂದಲೂ ಬರುತ್ತೆ. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2010ರಲ್ಲಿ ಆಗಿನ ಗುಲ್ಬರ್ಗಾ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ಮಾತ್ರ. ಯೋಜನೆ ಮೊದಲು ರಾಜ್ಯದ ಉತ್ತರಾರ್ಧಕ್ಕೆ ಬಂತು, ದಕ್ಷಿಣಕ್ಕೆ ಆಮೇಲೆ. ಈ ಗಡಿಯ ಆಚೀಚೆಯ ಹಳ್ಳಿಗಳನ್ನು ಹೋಲಿಸಿ ಸಂಶೋಧಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಆ ಕಾಯಿಲೆಗಳಿಂದಾಗುವ ಸಾವು ಶೇ 64ರಷ್ಟು ಕಡಿಮೆ. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ಖರ್ಚು ಶೇ 34ರಷ್ಟು ಕಡಿಮೆ. ಆ ಯೋಜನೆಯಲ್ಲಿ ಹಳ್ಳಿಗಳ ಕಡೆ ಕ್ಯಾಂಪ್ ಮಾಡಿ ರೋಗಿಯನ್ನು ಹುಡುಕುವ ಕೆಲಸವೂ ಇತ್ತು. ದುಡ್ಡು ಕೊಡ್ತೀವಿ ಬನ್ನಿ ಅಂತ ಬೆಂಗಳೂರಲ್ಲಿ ಕೂತಿರಲಿಲ್ಲ.

ಈಗಿನ ಹೃದಯ ಜ್ಯೋತಿ ಯೋಜನೆಯಲ್ಲೂ ಆ ಗುಣ ಇದೆ. ಪುನೀತ್ ರಾಜ್‌ಕುಮಾರ್ ಹೆಸರಲ್ಲಿ 2023ರಲ್ಲಿ ಶುರುವಾದದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದಿಂದಲೇ ಓದಿ, ಹೃದಯಾಘಾತ ಅಂತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತ. ತುಂಬಾ ಒಳ್ಳೆಯ ಕೆಲಸ. ಆದರೆ ಯೋಚಿಸಿ: ಎದೆನೋವು ಅಂತ ಬಂದವನ ತೊಂದರೆ ಅಯೋರ್ಟಾದಲ್ಲಿದ್ದರೆ? ಅದೇ ಚುಚ್ಚುಮದ್ದು ಅವನಿಗೆ ವಿಷ, ಬಿರಡೆಯನ್ನೇ ಕರಗಿಸಿಬಿಡುತ್ತೆ. ಹಾಗಾಗಿ ಎದೆನೋವಿದ್ದು ಇಸಿಜಿ ಸರಿಯಾಗಿದ್ದರೆ, ಅಥವಾ ರಕ್ತ ಕೆಮ್ಮುವವನ ಕಫದಲ್ಲಿ ಟಿಬಿ ಸಿಗದಿದ್ದರೆ, ಜಿಲ್ಲಾ ಆಸ್ಪತ್ರೆಯ ಸಿಟಿಗೆ ಕಳಿಸಿ ಆ ಚಿತ್ರವನ್ನು ಜಯದೇವದ ಪರದೆಗೆ ತಲುಪಿಸುವ ಇನ್ನೊಂದು ಸಾಲನ್ನು ಇದೇ ಜಾಲಕ್ಕೆ ಸೇರಿಸಬಹುದು. ಹೊಸ ಯೋಜನೆ, ಹೊಸ ಹೆಸರು, ಹೊಸ ಫ್ಲೆಕ್ಸ್ ಬೇಕಿಲ್ಲ.

ಇನ್ನು ದುಡ್ಡು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಗ್ರಾಫ್ಟ್ ಒಂದೇ ಲಕ್ಷಗಟ್ಟಲೆ ಆಗುವಾಗ ಐಸಿಯು, ರಕ್ತ, ಎರಡನೇ ಆಪರೇಷನ್ ಎಲ್ಲ ಸೇರಿ ಆ ಐದು ಲಕ್ಷ ಎಷ್ಟು ದಿನ ಬರುತ್ತೆ ಅನ್ನೋದು ಒಂದು. ಆಯುಷ್ಮಾನ್ ಭಾರತ್ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲಿನ ಖರ್ಚು 15 ದಿನದವರೆಗೆ ಮಾತ್ರ ಸೇರುತ್ತೆ ಅನ್ನೋದು ಇನ್ನೊಂದು. ನಮ್ಮ ಹಮಾಲಿ ಬದುಕಿ ಊರಿಗೆ ಬಂದ ಅಂತಿಟ್ಟುಕೊಳ್ಳಿ. ಆಂಟಿಬಯೋಟಿಕ್ ವಾರಗಳಲ್ಲ, ತಿಂಗಳುಗಳು. ಜೀವ ಇರೋವರೆಗೆ ಬಿಪಿ ಮಾತ್ರೆ. ಚೀಲ ಹೊರುವಂತಿಲ್ಲ, ಅಂದರೆ ಕೂಲಿಯೂ ಇಲ್ಲ. ಸ್ಟೆಂಟ್ ಜಾರಿದೆಯಾ, ಸೋರುತ್ತಿದೆಯಾ, ಸೋಂಕಾಗಿದೆಯಾ ಅಂತ ನೋಡೋಕೆ ಪದೇ ಪದೇ ಸಿಟಿ ಸ್ಕ್ಯಾನ್. ಸಾಮಾನ್ಯವಾಗಿ ಮೊದಲನೆಯದನ್ನು ಬರೆದುಕೊಡೋದು ಒಂದು ತಿಂಗಳಿಗೆ. ಅಷ್ಟರಲ್ಲಿ ಕಾರ್ಡ್‌ನ ಲೆಕ್ಕ ಮುಗಿದು ಎರಡು ವಾರ ಆಗಿರುತ್ತೆ.